ವಿಶ್ರಾಂತಿಯ ವರ್ಷಗಳ ದುಡಿಮೆ: ಬೆಳ್ಳಾವೆ ವೆಂಕಟನಾರಣಪ್ಪ

ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಪ್ರಕಟವಾದಾಗ ಅದರ ಪ್ರಧಾನ ಸಂಪಾದಕರಾಗಿ ದುಡಿದವರು ತೀರಿಕೊಂಡು ಮೂರು ವರ್ಷಗಳಾಗಿದ್ದವು. ಅವರು ಭಾಷಾಪಂಡಿತರಾಗಿ ಸಂಬಳ ಪಡೆದವರಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಇಂಗ್ಲಿಷಿನಲ್ಲಿ ಬೋಧಿಸಿ ನಿವೃತ್ತರಾದವರು. ಅವರ ಹೆಸರು ಬೆಳ್ಳಾವೆ ವೆಂಕಟನಾರಣಪ್ಪ. ಅವರ ಕಾಲದಲ್ಲಿ ಕನ್ನಡದ ಕೆಲಸ ಮಾಡುವವರೆಲ್ಲರಿಗೂ ಪರಿಚಿತವಾಗಿದ್ದ ಈ ಹೆಸರನ್ನು ಇಂದಿನ ಐಚ್ಛಿಕ ಕನ್ನಡ ವಿದ್ಯಾರ್ಥಿ ಪಂಪಭಾರತದ ಆವೃತ್ತಿಗಳ ಪಟ್ಟಿಯಲ್ಲಿ ಒಮ್ಮೆ ಓದಿ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾನೆ. ಮರೆಯುವುದು ಸಹಜವೇ. ಕವಿಯ ಹೆಸರು ಕಾವ್ಯದೊಡನೆ ಬಾಳುತ್ತದೆ; ಕಾವ್ಯವನ್ನು ಓಲೆಗರಿಯಿಂದ ಅಚ್ಚಿಗೆ ತಂದವನ ಹೆಸರು ಒಳಪುಟದ ಸಣ್ಣಕ್ಷರದಲ್ಲಿ ಉಳಿಯುತ್ತದೆ.

ವೆಂಕಟನಾರಣಪ್ಪನವರು ಹುಟ್ಟಿದ್ದು 1872ರಲ್ಲಿ, ತುಮಕೂರು ಸೀಮೆಯ ಬೆಳ್ಳಾವೆಯಲ್ಲಿ. ಊರಿನ ಹೆಸರು ಅವರ ಹೆಸರಿನ ಮುಂದೆ ಕೊನೆಯವರೆಗೂ ನಿಂತಿತು. ಅವರು ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ಮೈಸೂರು ಸಂಸ್ಥಾನಕ್ಕೆ ತನ್ನದೇ ಆದ ವಿಶ್ವವಿದ್ಯಾನಿಲಯವಿರಲಿಲ್ಲ. ಕಾಲೇಜುಗಳು ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಪದವಿಯೆಂದರೆ ಮದ್ರಾಸಿನ ಪದವಿ, ಪಾಠವೆಂದರೆ ಇಂಗ್ಲಿಷಿನ ಪಾಠ. ಆ ದಾರಿಯಲ್ಲೇ ನಡೆದು ಎಂ.ಎ. ಮುಗಿಸಿದ ಅವರು ಸೆಂಟ್ರಲ್ ಕಾಲೇಜಿನ ಅಧ್ಯಾಪಕವರ್ಗವನ್ನು ಸೇರಿದರು. ವೃತ್ತಿಜೀವನದ ವಿವರಗಳಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಸರ್ಕಾರಿ ಕಾಲೇಜಿನ ಅಧ್ಯಾಪಕರೊಬ್ಬರು ಕ್ರಮವಾಗಿ ಮೇಲೇರಿ ಕ್ರಮವಾಗಿ ನಿವೃತ್ತರಾಗುವ ಕಥೆ ಎಲ್ಲೆಡೆ ಒಂದೇ ಬಗೆಯದು. ಗಮನಿಸಬೇಕಾದದ್ದು, ನಿವೃತ್ತಿಯ ನಂತರ ಅವರು ಕೈಗೆತ್ತಿಕೊಂಡ ಕೆಲಸದ ಬೀಜ ವೃತ್ತಿಯ ದಿನಗಳಲ್ಲೇ ಬಿದ್ದಿತ್ತೆಂಬುದನ್ನು.

1915ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿತು. ಆಗ ಅದರ ಹೆಸರು ಕರ್ನಾಟಕ ಸಾಹಿತ್ಯ ಪರಿಷತ್ತು. ಅದರ ಹಿಂದೆ ಮೈಸೂರು ಸಂಪದಭ್ಯುದಯ ಸಮಾಜದ ಪ್ರೇರಣೆಯಿತ್ತು, ದಿವಾನ್ ವಿಶ್ವೇಶ್ವರಯ್ಯನವರ ಆಸಕ್ತಿಯಿತ್ತು, ಎಚ್.ವಿ. ನಂಜುಂಡಯ್ಯನವರ ಅಧ್ಯಕ್ಷತೆಯಿತ್ತು. ಆದರೆ ದೊಡ್ಡವರ ಆಶೀರ್ವಾದದಿಂದ ಸಂಸ್ಥೆ ಪ್ರಾರಂಭವಾಗಬಹುದೇ ಹೊರತು ದಿನನಿತ್ಯ ನಡೆಯಲಾರದು. ಪತ್ರಗಳಿಗೆ ಉತ್ತರ ಬರೆಯುವವರು, ಲೆಕ್ಕ ನೋಡುವವರು, ಪತ್ರಿಕೆಯ ಕರಡು ತಿದ್ದುವವರು, ಸಭೆಗೆ ಜನ ಸೇರುವ ಮುನ್ನ ಬಂದು ಎಲ್ಲರೂ ಹೋದ ಮೇಲೆ ಬಾಗಿಲು ಹಾಕುವವರು ಬೇಕು. ಪರಿಷತ್ತಿನ ಮೊದಲ ದಶಕಗಳಲ್ಲಿ ಈ ಕೆಲಸವನ್ನು ಹೊತ್ತವರಲ್ಲಿ ಬಹುಮಂದಿ ಕಾಲೇಜು ಅಧ್ಯಾಪಕರು ಮತ್ತು ಸರ್ಕಾರಿ ನೌಕರರು. ಸಂಬಳ ಒಂದು ಕಡೆ, ಸೇವೆ ಇನ್ನೊಂದು ಕಡೆ. ವೆಂಕಟನಾರಣಪ್ಪನವರು ಆ ಗುಂಪಿಗೆ ಸೇರಿದವರು. ಪರಿಷತ್ತಿನ ಪತ್ರಿಕೆಯ ಸಂಪಾದಕತ್ವವನ್ನೂ ಅವರು ನಿರ್ವಹಿಸಿದರು.

ಇದೇ ಕಾಲದಲ್ಲಿ ಅವರು ಇನ್ನೊಂದು ಸಾಹಸಕ್ಕೆ ಕೈಹಾಕಿದ್ದರು. ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಕೂಡಿ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರತಂದರು. ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿ ಅದರ ಪ್ರಕಾಶಕರು. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿ ಆಗಿನ್ನೂ ಎರಡು ವರ್ಷ. ಅಲ್ಲಿ ವಿಜ್ಞಾನವನ್ನು ಕನ್ನಡದಲ್ಲಿ ಕಲಿಸುವ ಮಾತೇ ಇರಲಿಲ್ಲ. ಅಂತಹ ಹೊತ್ತಿನಲ್ಲಿ ಇಂಗ್ಲಿಷ್ ಬಾರದ ಓದುಗನಿಗೆ ಬೆಳಕು, ಶಾಖ, ಗಾಳಿ, ರೋಗಾಣು ಇವುಗಳ ವಿಷಯವನ್ನು ತಿಳಿಸಿಕೊಡಬಹುದೆಂದು ಇಬ್ಬರು ನಂಬಿದರು. ಪತ್ರಿಕೆ ನಡೆದದ್ದು ಎರಡೇ ವರ್ಷ. ಕನ್ನಡದ ಸಣ್ಣ ಪತ್ರಿಕೆಗಳ ಆಯುಷ್ಯವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಆ ಎರಡು ವರ್ಷಗಳು ಸಂಪಾದಕನ ಮುಂದಿಟ್ಟ ಸಮಸ್ಯೆ ಮಾತ್ರ ಪತ್ರಿಕೆಯೊಡನೆ ಮುಗಿಯಲಿಲ್ಲ. ಮನೆಮಾತಿನಲ್ಲಿ ಶಕ್ತಿ ಎಂಬ ಒಂದು ಪದ ಸಾಕು. ಎತ್ತಿಗೆ ಶಕ್ತಿಯಿದೆ, ಮದ್ದಿಗೆ ಶಕ್ತಿಯಿದೆ, ದೇವಿಯೂ ಶಕ್ತಿಯೇ. ಭೌತವಿಜ್ಞಾನಕ್ಕೆ ಅದು ಸಾಲದು. ಅಲ್ಲಿ ಫೋರ್ಸ್ ಬೇರೆ, ಎನರ್ಜಿ ಬೇರೆ, ಪವರ್ ಬೇರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಲೆಕ್ಕವೇ ತಪ್ಪುತ್ತದೆ. ಇಂದಿನ ಶಾಲಾಪುಸ್ತಕಗಳು ಬಲ, ಶಕ್ತಿ, ಸಾಮರ್ಥ್ಯ ಎಂದು ಮೂರನ್ನು ಬೇರ್ಪಡಿಸಿ ಬಳಸುತ್ತವೆ. ಅವನ್ನು ಓದುವ ಮಕ್ಕಳಿಗೆ ಆ ಪದಗಳು ಎಂದಿನಿಂದಲೋ ಇದ್ದಂತೆ ತೋರುತ್ತವೆ. ಇದ್ದದ್ದೇನೋ ನಿಜ, ಆದರೆ ಒಂದೊಂದು ಪದಕ್ಕೆ ಒಂದೊಂದೇ ಅರ್ಥವನ್ನು ಗೊತ್ತುಮಾಡಿ, ಆ ಗೆರೆಯನ್ನು ದಾಟದಂತೆ ಬಳಸುವ ಶಿಸ್ತು ಆಗ ಇರಲಿಲ್ಲ. ಆ ಶಿಸ್ತನ್ನು ರೂಢಿಸುವ ಕೆಲಸವನ್ನು ಮೊದಲು ಮಾಡಿದವರಲ್ಲಿ ವೆಂಕಟನಾರಣಪ್ಪನವರು ಒಬ್ಬರು.

ನಿವೃತ್ತಿಯಾದ ಅಧ್ಯಾಪಕನ ಮುಂದೆ ಆ ಕಾಲದಲ್ಲಿ ಎರಡು ದಾರಿಗಳಿದ್ದವು. ವಿಶ್ರಾಂತಿವೇತನದಲ್ಲಿ ಮನೆ, ಪೂಜೆ, ಪುರಾಣಶ್ರವಣ, ಸಂಜೆಯ ತಿರುಗಾಟ ಒಂದು. ಖಾಸಗಿ ಸಂಸ್ಥೆಯಲ್ಲಿ ಮತ್ತೆ ಅಧಿಕಾರ ಇನ್ನೊಂದು. ವೆಂಕಟನಾರಣಪ್ಪನವರು ಹಿಡಿದದ್ದು ಇವೆರಡೂ ಅಲ್ಲ. ಕಾಲೇಜಿನ ಗಂಟೆಯಿಂದ ಬಿಡುಗಡೆಯಾದ ಹೊತ್ತನ್ನು ಹಳಗನ್ನಡದ ಹಸ್ತಪ್ರತಿಗಳಿಗೂ ಇಂಗ್ಲಿಷ್ ಶಬ್ದಗಳಿಗೂ ಹಂಚಿದರು. ಇವೆರಡರಲ್ಲಿ ಯಾವುದೂ ತಟ್ಟನೆ ಮುಗಿಯುವ ಕೆಲಸವಲ್ಲ, ಯಾವುದರಿಂದಲೂ ಗ್ರಂಥಕರ್ತನೆಂಬ ಕೀರ್ತಿ ಬರುವುದಿಲ್ಲ.

ಪಂಪನ ವಿಕ್ರಮಾರ್ಜುನವಿಜಯ ಹುಟ್ಟಿದ್ದು ಕ್ರಿ.ಶ. 941ರ ಹೊತ್ತಿನಲ್ಲಿ. ಅದನ್ನು ಮೊದಲು ಅಚ್ಚಿಗೆ ತಂದವರು ಬಿ.ಎಲ್. ರೈಸ್, 1898ರಲ್ಲಿ, ‘ಬಿಬ್ಲಿಯೋಥೆಕಾ ಕರ್ಣಾಟಿಕಾ’ ಮಾಲೆಯಲ್ಲಿ. ಅದು ದೊಡ್ಡ ಉಪಕಾರ. ಆದರೆ ಮೊದಲ ಮುದ್ರಣಕ್ಕೆ ಇರುವ ಕೊರತೆಗಳೆಲ್ಲ ಅದಕ್ಕೂ ಇದ್ದವು. ಮೂರು ದಶಕಗಳ ಮೇಲೆ, 1931ರಲ್ಲಿ, ಸಾಹಿತ್ಯ ಪರಿಷತ್ತು ಅದೇ ಕಾವ್ಯವನ್ನು ಪರಿಷ್ಕರಿಸಿ ಪ್ರಕಟಿಸಿತು. ಆ ಪರಿಷ್ಕರಣದ ಮುಖ್ಯ ಹೊಣೆ ವೆಂಕಟನಾರಣಪ್ಪನವರದು. ಆಗ ಅವರಿಗೆ ಐವತ್ತೊಂಬತ್ತು ವರ್ಷ.

ಈ ಕೆಲಸದ ಕಷ್ಟ ವಿದ್ಯಾರ್ಥಿಗೆ ತಿಳಿಯಬೇಕಾದರೆ ಓಲೆಗರಿಯೊಂದನ್ನು ಕಣ್ಣೆದುರು ತಂದುಕೊಳ್ಳಬೇಕು. ಅಲ್ಲಿ ಪದಗಳ ನಡುವೆ ಬಿಡುವಿಲ್ಲ, ಪದ್ಯದ ಸಾಲುಗಳು ಬೇರೆಬೇರೆಯಾಗಿ ನಿಲ್ಲುವುದಿಲ್ಲ, ವಿರಾಮಚಿಹ್ನೆಗಳಿಲ್ಲ. ಹುಳು ತಿಂದ ಕಡೆ ಅಕ್ಷರ ಹಾರಿದೆ. ಲಿಪಿಕಾರನ ಕಾಲಕ್ಕೂ ಕವಿಯ ಕಾಲಕ್ಕೂ ಹಲವು ನೂರು ವರ್ಷಗಳ ಅಂತರ. ಅವನ ಬಾಯಲ್ಲಿ ಸತ್ತುಹೋಗಿದ್ದ ಅಕ್ಷರ ಕವಿಯ ಬಾಯಲ್ಲಿ ಜೀವಂತವಾಗಿತ್ತು. ೞಕಾರವೇ ಇದಕ್ಕೆ ಒಳ್ಳೆಯ ಉದಾಹರಣೆ. ಪಂಪನಿಗೆ ‘ಅೞಿ’ ಎಂದರೆ ನಾಶವಾಗು, ‘ಅಳಿ’ ಎಂದರೆ ದುಂಬಿ. ನಂತರದ ಶತಮಾನಗಳಲ್ಲಿ ೞ ಮತ್ತು ಳ ಉಚ್ಚಾರಣೆಯಲ್ಲಿ ಒಂದಾಗಿಬಿಟ್ಟವು. ಕೇಶಿರಾಜನ ಕಾಲಕ್ಕೇ ಯಾವ ಪದದಲ್ಲಿ ಯಾವ ಅಕ್ಷರವೆಂದು ಪಟ್ಟಿ ಮಾಡಿ ಹೇಳಬೇಕಾಗಿತ್ತೆಂದರೆ, ಮುಂದಿನ ಲಿಪಿಕಾರ ಎರಡಕ್ಕೂ ಒಂದೇ ಅಕ್ಷರ ಬರೆದುದರಲ್ಲಿ ಅವನ ತಪ್ಪೇನೂ ಇಲ್ಲ. ತಪ್ಪನ್ನು ಹಿಡಿಯಲು ಸಂಪಾದಕನಿಗಿರುವ ಸಾಧನಗಳು ಕೆಲವೇ. ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಬರಬೇಕು. ಮೂರು ಸಾಲುಗಳಲ್ಲಿ ೞ ಬಂದು ನಾಲ್ಕನೆಯದರಲ್ಲಿ ಳ ಬಂದರೆ ಅಲ್ಲೆಲ್ಲೋ ಕೈ ಜಾರಿದೆ. ವೃತ್ತದ ಗಣಗಳು ಕೂಡಬೇಕು. ಒಂದು ಗುರು ಹೆಚ್ಚಾದರೆ ಯಾರೋ ಅಕ್ಷರ ಸೇರಿಸಿದ್ದಾರೆ. ಎರಡು ಪ್ರತಿಗಳಲ್ಲಿ ಒಂದೇ ವಿಚಿತ್ರವಾದ ತಪ್ಪು ಕಂಡರೆ ಅವೆರಡೂ ಒಂದೇ ತಾಯಿಪ್ರತಿಯಿಂದ ಬಂದವೆಂದು ಊಹಿಸಬೇಕು. ಆಗ ಎರಡು ಸಾಕ್ಷಿಗಳು ಒಂದೇ ಸಾಕ್ಷಿಯಾಗುತ್ತವೆ.

ಈ ಬಗೆಯ ತರ್ಕ ಪ್ರಯೋಗಶಾಲೆಯಲ್ಲಿ ವರ್ಷಗಟ್ಟಲೆ ನಿಂತವನಿಗೆ ಅಪರಿಚಿತವಲ್ಲ. ಉಪಕರಣದ ದೋಷ ಯಾವುದು, ನೋಡುವವನ ಕಣ್ಣಿನ ದೋಷ ಯಾವುದು, ವಸ್ತುವಿನ ಗುಣ ಯಾವುದು ಎಂದು ಬೇರ್ಪಡಿಸುವುದೇ ಅಲ್ಲಿಯೂ ಕೆಲಸ. ಭೌತವಿಜ್ಞಾನದ ಅಧ್ಯಾಪಕ ಪಂಪನನ್ನು ಸಂಪಾದಿಸಿದ್ದು ವಿಚಿತ್ರವೆಂದು ತೋರುವುದು ವಿಷಯಗಳನ್ನು ಗೋಡೆ ಕಟ್ಟಿ ಬೇರೆಮಾಡಿರುವ ಇಂದಿನ ಕಣ್ಣಿಗೆ ಮಾತ್ರ. ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ತೆರೆದದ್ದೇ 1927ರಲ್ಲಿ. ಕುವೆಂಪು, ಡಿ.ಎಲ್. ನರಸಿಂಹಾಚಾರ್ ಮೊದಲಾದವರು ಅಲ್ಲಿಂದ ಹೊರಬಂದದ್ದು 1929ರಲ್ಲಿ. ಆವರೆಗೆ ಹಳಗನ್ನಡದ ಶಾಸ್ತ್ರೀಯ ಸಂಪಾದನೆಗೆ ತರಬೇತಿ ಕೊಡುವ ಕಾಲೇಜು ನಾಡಿನಲ್ಲಿ ಇರಲಿಲ್ಲ. ಆಸಕ್ತಿಯಿದ್ದವರು ಮಾಡುತ್ತ ಕಲಿತರು, ಕಲಿಯುತ್ತ ಮಾಡಿದರು.

1931ರ ಆವೃತ್ತಿಯೇ ಕೊನೆಯ ಮಾತೆಂದು ಯಾರೂ ಹೇಳುವುದಿಲ್ಲ. ಡಿ.ಎಲ್. ನರಸಿಂಹಾಚಾರ್ಯರ ‘ಪಂಪಭಾರತ ದೀಪಿಕೆ’ಯನ್ನು ಪಕ್ಕದಲ್ಲಿಟ್ಟು ಓದುವವರಿಗೆ, ಹಳೆಯ ಪಾಠಗಳಲ್ಲಿ ಎಷ್ಟು ಕಡೆ ಮತ್ತೆ ಯೋಚಿಸಬೇಕಾಯಿತೆಂಬುದು ಗೊತ್ತು. ಆದರೆ ಯೋಚಿಸಲು ಮೊದಲು ಒಂದು ನಿಂತ ಪಾಠ ಬೇಕು. ಪಂಪನ ಬಗ್ಗೆ ಕಳೆದ ಶತಮಾನದಲ್ಲಿ ನಡೆದ ವಿಮರ್ಶೆಯ ಬಹುಪಾಲು ಈ ಪರಿಷತ್ತಿನ ಪುಸ್ತಕವನ್ನು ಕೈಯಲ್ಲಿ ಹಿಡಿದವರದು. ಕರ್ಣನಿಗಾಗಿ ಕಣ್ಣೀರಿಟ್ಟ ಎಷ್ಟೋ ತರಗತಿಗಳು ಆ ಕಣ್ಣೀರಿನ ಪದ್ಯವನ್ನು ಯಾರು ಓಲೆಯಿಂದ ಬಿಡಿಸಿದರೆಂದು ಕೇಳಿಲ್ಲ.

ಎರಡನೆಯ ಕೆಲಸ ನಿಘಂಟು. ಮೈಸೂರು ವಿಶ್ವವಿದ್ಯಾನಿಲಯ 1930ರ ದಶಕದಲ್ಲಿ ಇಂಗ್ಲಿಷ್-ಕನ್ನಡ ಕೋಶವೊಂದನ್ನು ಸಿದ್ಧಪಡಿಸಲು ಹೊರಟಾಗ ಪ್ರಧಾನ ಸಂಪಾದಕತ್ವ ನಿವೃತ್ತರಾದ ವೆಂಕಟನಾರಣಪ್ಪನವರಿಗೆ ಬಂತು. ಹಲವು ವಿದ್ವಾಂಸರು ಕೈಜೋಡಿಸಿದ ಕೆಲಸವಿದು. ಆದರೆ ಹಲವರ ಕೈಯನ್ನು ಒಂದು ದಿಕ್ಕಿಗೆ ನಡೆಸುವ ಭಾರ ಒಬ್ಬರ ಮೇಲೆ ಬೀಳುತ್ತದೆ. ಮಾದರಿಗಳು ಇಲ್ಲದಿರಲಿಲ್ಲ. ವಿಲಿಯಂ ರೀವ್ 1824ರಲ್ಲಿಯೇ ಇಂಗ್ಲಿಷ್-ಕರ್ಣಾಟಕ ನಿಘಂಟನ್ನು ತಂದಿದ್ದರು. ಮಂಗಳೂರಿನ ಬಾಸೆಲ್ ಮಿಷನ್ನಿನ ಝೀಗ್ಲರ್ 1876ರಲ್ಲಿ ಶಾಲೆಗಳಿಗಾಗಿ ಒಂದು ಇಂಗ್ಲಿಷ್-ಕನ್ನಡ ಕೋಶವನ್ನು ಕೊಟ್ಟಿದ್ದರು. ಕಿಟೆಲ್ಲರ 1894ರ ಮಹಾಕೋಶ ಕನ್ನಡದಿಂದ ಇಂಗ್ಲಿಷಿಗೆ ಹೋಗುವಂಥದು. ಅದರ ದಾರಿಯೇ ಬೇರೆ. ಮಿಷನರಿಗಳ ಕೋಶಗಳು ಹೊರಗಿನಿಂದ ಬಂದವನು ಈ ನಾಡಿನ ಮಾತನ್ನು ಅರಿಯಲೆಂದು ಹುಟ್ಟಿದವು. ಹೊಸ ಕೋಶ ಹುಟ್ಟಬೇಕಾಗಿದ್ದುದು ಈ ನಾಡಿನವನು ಹೊರಗಿನ ಜ್ಞಾನವನ್ನು ತನ್ನ ಮಾತಿನಲ್ಲಿ ಹೇಳಲೆಂದು. ಗುರಿ ಬದಲಾದಾಗ ಪ್ರತಿಯೊಂದು ನಮೂದೂ ಬದಲಾಗುತ್ತದೆ.

ಇಂಗ್ಲಿಷಿನ ‘ರನ್’ ಎಂಬ ಸಣ್ಣ ಪದವನ್ನು ತೆಗೆದುಕೊಳ್ಳಬಹುದು. ಮನುಷ್ಯ ಓಡುತ್ತಾನೆ, ಹೊಳೆ ಹರಿಯುತ್ತದೆ, ಯಂತ್ರ ನಡೆಯುತ್ತದೆ, ಒಗೆದಾಗ ಬಟ್ಟೆ ಬಣ್ಣ ಬಿಡುತ್ತದೆ, ಅಂಗಡಿಯನ್ನು ನಡೆಸುತ್ತಾರೆ. ಇಂಗ್ಲಿಷಿಗೆ ಇವೆಲ್ಲ ಒಂದೇ ಕ್ರಿಯೆ. ಓಡು ಎಂದು ಬರೆದು ಮುಂದೆ ಹೋದ ಕೋಶಕಾರ ಓದುಗನನ್ನು ನಡುಹೊಳೆಯಲ್ಲಿ ಬಿಟ್ಟಂತೆ. ಇದಕ್ಕೆ ವಿರುದ್ಧವಾದ ಕಷ್ಟವೂ ಉಂಟು. ‘ಅಂಕಲ್’ ಎಂಬ ಒಂದು ಪದಕ್ಕೆ ಕನ್ನಡ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಂದು ಮೂವರನ್ನು ಮುಂದೆ ನಿಲ್ಲಿಸುತ್ತದೆ. ಧಾರವಾಡ, ಬೆಳಗಾವಿಯ ಕಡೆ ಮರಾಠಿಯ ನೆರೆಯಿಂದ ಬಂದ ಕಾಕಾ ಅವರ ಜೊತೆಗೆ ಸೇರಿಕೊಳ್ಳುತ್ತಾನೆ. ಅವನನ್ನು ಒಳಗೆ ಕರೆಯಬೇಕೋ ಹೊರಗೆ ನಿಲ್ಲಿಸಬೇಕೋ?

ಈ ಪ್ರಶ್ನೆ ಹಾಸ್ಯದ್ದಲ್ಲ. ಆಗ ಕನ್ನಡನಾಡು ಒಂದು ಆಡಳಿತದ ಕೆಳಗಿರಲಿಲ್ಲ. ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ಮದ್ರಾಸ್ ಪ್ರಾಂತ, ನಿಜಾಮರ ಹೈದರಾಬಾದು, ಕೊಡಗು ಮತ್ತು ಹಲವು ಸಣ್ಣ ಸಂಸ್ಥಾನಗಳಲ್ಲಿ ಅದು ಹರಿದುಹೋಗಿತ್ತು. ತಾಲ್ಲೂಕಿನ ಅಧಿಕಾರಿ ಮೈಸೂರಿನವನಿಗೆ ಅಮಲ್ದಾರ, ಧಾರವಾಡದವನಿಗೆ ಮಾಮಲೇದಾರ, ಬಳ್ಳಾರಿಯವನಿಗೆ ತಹಸೀಲ್ದಾರ. ಊರ ಲೆಕ್ಕ ಬರೆಯುವವನು ಒಂದು ಕಡೆ ಶಾನುಭೋಗ, ಇನ್ನೊಂದು ಕಡೆ ಕುಲಕರ್ಣಿ, ಮದ್ರಾಸ್ ಪ್ರಾಂತದ ಕಡೆ ಕರಣಂ. ಆಗಿನ ಸೇಲಂ ಜಿಲ್ಲೆಗೆ ಸೇರಿದ್ದ ಹೊಸೂರು, ಧರ್ಮಪುರಿ, ಕಂಬೈನಲ್ಲೂರುಗಳ ಕಡೆಯ ಕನ್ನಡ ಮನೆಮಾತಿನವರಿಗೆ ಶಾಲೆ ಮತ್ತು ಕಚೇರಿಯ ಭಾಷೆ ತಮಿಳಾದುದರಿಂದ, ಮನೆಯಲ್ಲಿ ಉಳಿದ ಕನ್ನಡ ಪುಸ್ತಕದ ಕನ್ನಡದಿಂದ ದೂರ ಸರಿಯುತ್ತಲೇ ಇತ್ತು. ಮೈಸೂರಿನ ವಿಶ್ವವಿದ್ಯಾನಿಲಯ ತನ್ನ ಹಣದಲ್ಲಿ ಮಾಡಿಸುವ ನಿಘಂಟು ಯಾರ ಕನ್ನಡವನ್ನು ಕನ್ನಡವೆಂದು ಎಣಿಸಬೇಕು? ಸಂಸ್ಕೃತದಿಂದ ಪದ ಕಟ್ಟಿದರೆ ಎಲ್ಲ ಪ್ರಾಂತಗಳಿಗೂ ಸಮಾನ ದೂರ, ಸಮಾನ ಗೌರವ. ಆಡುಮಾತಿನಿಂದ ಎತ್ತಿದರೆ ಒಬ್ಬರಿಗೆ ಹತ್ತಿರ, ಮತ್ತೊಬ್ಬರಿಗೆ ಅಪರಿಚಿತ. ಆ ತಲೆಮಾರಿನವರು ಹೆಚ್ಚಾಗಿ ಸಂಸ್ಕೃತದ ಕಡೆ ವಾಲಿದ್ದಕ್ಕೆ ಪಾಂಡಿತ್ಯದ ಮೋಹವೊಂದೇ ಕಾರಣವೆನ್ನುವುದು ಅನ್ಯಾಯ. ಹಾಗೆ ವಾಲಿದ್ದರಿಂದ ಹೊಲ, ಮಗ್ಗ, ಕಮ್ಮಾರಸಾಲೆಗಳ ಸಾವಿರಾರು ಪದಗಳು ಕೋಶದ ಹೊರಗೇ ಉಳಿದವೆಂಬ ದೂರೂ ಅಷ್ಟೇ ನ್ಯಾಯವಾದದ್ದು.

ಹರಿದ ನಾಡನ್ನು ಒಟ್ಟಿಗೆ ನೋಡುವ ಅವಕಾಶ ಆಗ ದೊರೆಯುತ್ತಿದ್ದುದು ಪರಿಷತ್ತಿನ ವಾರ್ಷಿಕ ಸಮ್ಮೇಳನದಲ್ಲಿ. 1937ರಲ್ಲಿ ಸಮ್ಮೇಳನ ಸೇರಿದ್ದು ಜಮಖಂಡಿಯಲ್ಲಿ. ಅಧ್ಯಕ್ಷರಾಗಿ ಆರಿಸಲ್ಪಟ್ಟವರು ವೆಂಕಟನಾರಣಪ್ಪನವರು. ಜಮಖಂಡಿ ಪಟವರ್ಧನ ಮನೆತನದ ಸಂಸ್ಥಾನ. ಅರಮನೆಯ ಮಾತು ಮರಾಠಿ, ಪ್ರಜೆಗಳ ಮಾತು ಕನ್ನಡ. ಅಂತಹ ಊರಿನಲ್ಲಿ ಕನ್ನಡ ಸಮ್ಮೇಳನ ನಡೆದುದಕ್ಕೇ ಒಂದು ಅರ್ಥವಿತ್ತು. ಅದರ ಪೀಠದಲ್ಲಿ ತುಮಕೂರು ಸೀಮೆಯ ಭೌತವಿಜ್ಞಾನಿ ಕುಳಿತದ್ದಕ್ಕೆ ಇನ್ನೊಂದು. ಹಿಂದಿನ ವರ್ಷಗಳಲ್ಲಿ ಆ ಪೀಠವನ್ನು ಕವಿಗಳು, ಶಾಸನತಜ್ಞರು, ಪಂಡಿತರು ಅಲಂಕರಿಸಿದ್ದರು. ಅರವತ್ತೈದರ ವಯಸ್ಸಿನಲ್ಲಿ, ಸ್ವಂತ ಸೃಷ್ಟಿಯ ಕಾವ್ಯವಾಗಲಿ ನಾಟಕವಾಗಲಿ ಹೆಸರು ತಂದಿರದ ಒಬ್ಬರಿಗೆ ನಾಡು ಆ ಗೌರವ ಕೊಟ್ಟಿತೆಂದರೆ, ಸಂಪಾದನೆ ಮತ್ತು ಕೋಶರಚನೆಯ ಬೆಲೆ ಆಗಿನವರಿಗೆ ತಿಳಿದಿತ್ತೆಂದೇ ಅರ್ಥ. ಈಗಿನವರಿಗೆ ಅಷ್ಟು ತಿಳಿದಿದೆಯೆಂದು ಹೇಳುವುದು ಕಷ್ಟ.

ಈ ನಡುವೆ ಹಳೆಯ ‘ವಿಜ್ಞಾನ’ದ ಋಣವನ್ನೂ ಅವರು ಮರೆತಿರಲಿಲ್ಲ. 1930ರ ದಶಕದಲ್ಲಿ ‘ಜೀವವಿಜ್ಞಾನ’ವೆಂಬ ಪುಸ್ತಕವನ್ನು ಕನ್ನಡದಲ್ಲಿ ಬರೆದರು. ಭೌತವಿಜ್ಞಾನದವರು ಜೀವಿಗಳ ವಿಷಯ ಬರೆದದ್ದೇಕೆಂದರೆ, ಬರೆಯುವವರು ಬೇರೆ ಬಹಳ ಮಂದಿ ಇರಲಿಲ್ಲವೆಂಬುದೇ ಉತ್ತರವಾದೀತು. ಸಂಬಳದ ಕಾಲದಲ್ಲಿ ಮನುಷ್ಯ ತನ್ನ ವಿಷಯದ ಬೇಲಿಯೊಳಗೆ ಮೇಯಬೇಕಾಗುತ್ತದೆ. ಬೇಲಿ ಬಿದ್ದ ಮೇಲೆ ವಯಸ್ಸಾದ ಅಧ್ಯಾಪಕ ಮತ್ತೊಮ್ಮೆ ವಿದ್ಯಾರ್ಥಿಯಾಗಿ ಓದಿ, ಓದಿದ್ದನ್ನು ತನ್ನ ಭಾಷೆಗೆ ತಂದರು.

ಆದರೆ ದಿನದ ಬಹುಭಾಗವನ್ನು ತಿನ್ನುತ್ತಿದ್ದುದು ನಿಘಂಟೇ. ಕೋಶದ ಕೆಲಸಕ್ಕೆ ಒಂದು ಕ್ರೂರವಾದ ಗುಣವಿದೆ. ಕಾವ್ಯ ಅರ್ಧಕ್ಕೆ ನಿಂತರೂ ಬರೆದಷ್ಟು ಕಾವ್ಯವೇ. ಅರ್ಧಕ್ಕೆ ನಿಂತ ಕೋಶ ಯಾರಿಗೂ ಬೇಡ. ಎಂ ಅಕ್ಷರದವರೆಗೆ ಮುಗಿದ ನಿಘಂಟಿನಲ್ಲಿ ಹುಡುಕುವವನಿಗೆ ಬೇಕಾದ ಪದ ಎನ್‌ನಿಂದ ಮೊದಲಾಗಿರುತ್ತದೆ. ಅರವತ್ತು ದಾಟಿದವರು ಇಂಥ ಕೆಲಸವನ್ನು ಒಪ್ಪಿಕೊಳ್ಳುವುದೆಂದರೆ ತಾವು ನೋಡಲಾರದ ಮುಕ್ತಾಯಕ್ಕೆ ಸಹಿ ಹಾಕಿದಂತೆ. ವೆಂಕಟನಾರಣಪ್ಪನವರಿಗೆ ಅಕ್ಷರಶಃ ಹಾಗೆಯೇ ಆಯಿತು. 1943ರಲ್ಲಿ, ಎಪ್ಪತ್ತರ ಗಡಿ ದಾಟಿ, ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಯುದ್ಧದ ಕಾಲ, ಕಾಗದಕ್ಕೆ ಅಭಾವ, ಅಚ್ಚಿನ ಕೆಲಸ ಎಲ್ಲೆಡೆ ನಿಧಾನ. ಉಳಿದವರು ಹೊತ್ತು ಮುಗಿಸಿದ ಕೋಶ ಹೊರಬಂದದ್ದು ಯುದ್ಧ ನಿಂತ ಮರುವರ್ಷ.

ಹತ್ತು ವರ್ಷಗಳ ಮೇಲೆ, 1956ರ ನವೆಂಬರಿನಲ್ಲಿ, ಹರಿದಿದ್ದ ಪ್ರಾಂತಗಳು ಒಂದು ರಾಜ್ಯವಾದವು. ಹೊಸೂರು, ಧರ್ಮಪುರಿಯ ಕಡೆಯವರು ಮಾತ್ರ ಗಡಿಯ ಆಚೆಗೇ ಉಳಿದರು. ಬೀದರಿನ ಗುಮಾಸ್ತ, ಧಾರವಾಡದ ವಕೀಲ, ಮಂಗಳೂರಿನ ಅಧ್ಯಾಪಕ, ಬೆಂಗಳೂರಿನ ಪತ್ರಕರ್ತ ಒಂದೇ ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡವನ್ನು ಬರೆಯಬೇಕಾಯಿತು. ಆಗ ಅವರ ಮೇಜಿನ ಮೇಲಿಡಲು ದಪ್ಪನೆಯ ಪುಸ್ತಕವೊಂದು ಸಿದ್ಧವಾಗಿತ್ತು. ವಿಶ್ವವಿದ್ಯಾನಿಲಯ ಅದನ್ನು ಮುಂದೆ ಪರಿಷ್ಕರಿಸಿ ಹಲವು ಸಂಪುಟಗಳಾಗಿ ವಿಸ್ತರಿಸಿತು; ಹೊಸ ಸಂಪಾದಕರು ಬಂದರು, ಹೊಸ ಪದಗಳು ಸೇರಿದವು, ಕೆಲವು ಹಳೆಯ ಪದಗಳು ಬಿದ್ದುಹೋದವು. ಅಮಲ್ದಾರನೂ ಮಾಮಲೇದಾರನೂ ಕಚೇರಿಯ ಹಲಗೆಯಿಂದ ಇಳಿದು ಎಲ್ಲ ಕಡೆಯೂ ತಹಸೀಲ್ದಾರನೇ ನಿಂತ.